ಗಂಡಸರ ಗುಪ್ತಾಂಗದ ನರೂಲಿ: ಹಚ್ಚುವ ಮದ್ದೋ, ಹೆಪ್ಪುಗಟ್ಟಿಸುವುದೋ, ಸುಡಿಸುವುದೋ?

ಗುಪ್ತಾಂಗದ ನರೂಲಿಗೆ ಯಾವ ಚಿಕಿತ್ಸೆ ಒಳ್ಳೆಯದು ಎಂದು ಮೂವರು ಚರ್ಮರೋಗ ತಜ್ಞರನ್ನು ಕೇಳಿದರೆ ಮೂರು ಉತ್ತರ ಸಿಕ್ಕಬಹುದು. ಮೂರೂ ಸರಿಯೇ ಆಗಿರಬಹುದು. ಹಚ್ಚುವ ಕ್ರೀಮು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಆಮ್ಲ ತಾಗಿಸುವುದು, ಕರೆಂಟಿನಿಂದ ಸುಡುವುದು, ಲೇಸರ್: ಇವುಗಳಲ್ಲಿ ಒಂದು ಎಲ್ಲರಿಗೂ ಎಲ್ಲ ಸಂದರ್ಭಕ್ಕೂ ಮೇಲು ಎಂದು ವೈದ್ಯಶಾಸ್ತ್ರ ತೀರ್ಪು ಕೊಟ್ಟಿಲ್ಲ. ಎಲ್ಲವೂ ಕಣ್ಣಿಗೆ ಕಾಣುವ ಗಂಟನ್ನು ತೆಗೆಯುತ್ತವೆ. ಚರ್ಮದೊಳಗಿರುವ ವೈರಸ್ಸನ್ನು ಯಾವುದೂ ಪೂರ್ತಿ ಅಳಿಸುವುದಿಲ್ಲ. ಯಾವುದನ್ನು ಮಾಡಿಸಿಕೊಂಡರೂ ಸುಮಾರು ಮೂರು-ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ.

ಆದ್ದರಿಂದ ನಾನು ಹೇಳಬೇಕೆಂದಿರುವುದು ಇಷ್ಟು. ಯಾವ ಮದ್ದು ಹೆಚ್ಚು ಬಲಶಾಲಿ ಎಂದು ಹುಡುಕುತ್ತಾ ಕೂರಬೇಡಿ. ನೀವು ಎಷ್ಟು ಸಲ ಆಸ್ಪತ್ರೆಗೆ ಮರಳಿ ಹೋಗಬಲ್ಲಿರಿ, ಗಂಟು ಎಲ್ಲಿದೆ, ನಿಮ್ಮ ಕೈಯಲ್ಲಿ ಎಷ್ಟು ವಾರ ಇದೆ ಎಂಬ ಮೂರು ಪ್ರಶ್ನೆಗಳಿಂದ ಶುರುಮಾಡಿ. ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ ಔಷಧದಂಗಡಿ ಇಟ್ಟುಕೊಂಡವನಾಗಿ ನಾನು ಕಂಡದ್ದು ಇದನ್ನೇ. ಪೆರ್ಲ, ಮುಳ್ಳೇರಿಯ, ಪೈವಳಿಕೆ, ಬಾಯಾರು ಕಡೆಯಿಂದ ಬಸ್ಸು ಹಿಡಿದು ಪೇಟೆಗೆ ಹೋಗಿ ಬರುವುದೆಂದರೆ ಅರ್ಧ ದಿನದ ಕೂಲಿ ಹೋಯಿತು ಎಂದೇ ಅರ್ಥ. ಮೊದಲ ಸಲ ಧೈರ್ಯಮಾಡಿ ಹೋದವರು ಎರಡನೆಯ ಸಲಕ್ಕೆ ಹೋಗದೆ ನಿಂತುಬಿಡುತ್ತಾರೆ. ಅರ್ಧಕ್ಕೆ ನಿಂತ ಚಿಕಿತ್ಸೆ ಎಷ್ಟು ಒಳ್ಳೆಯದಾಗಿದ್ದರೂ ಪ್ರಯೋಜನಕ್ಕೆ ಬರುವುದಿಲ್ಲ.

ಮೊದಲು ಅದು ನರೂಲಿಯೇ ಹೌದೇ?

ಕೌಂಟರಿನ ಮುಂದೆ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ ಬಂದು, ದನಿ ತಗ್ಗಿಸಿ "ಅಲ್ಲಿ ಒಂದು ಗಂಟು ಉಂಟು, ಹಚ್ಚಲಿಕ್ಕೆ ಏನಾದರೂ ಕೊಡಿ" ಎನ್ನುವವರಿಗೆ ನಾನು ಏನನ್ನೂ ಕೊಡುವುದಿಲ್ಲ. ಕೊಡಬಾರದು ಕೂಡ. ಆ ಜಾಗದಲ್ಲಿ ನರೂಲಿಯ ಹಾಗೆ ಕಾಣುವ ಬೇರೆ ಸಂಗತಿಗಳು ಹಲವು. ಕೆಲವಕ್ಕೆ ಮದ್ದೇ ಬೇಡ, ಒಂದಕ್ಕಂತೂ ಬೇರೆಯೇ ಮದ್ದು ತುರ್ತಾಗಿ ಬೇಕು.

ಶಿಶ್ನದ ತುದಿಯ ಅಂಚಿನ ಸುತ್ತ ಒಂದೆರಡು ಸಾಲಾಗಿ, ಒಂದೇ ಅಳತೆಯ ಸಣ್ಣ ಸಣ್ಣ ಬೊಕ್ಕೆಗಳು ಇರುವುದುಂಟು. ಇದು ರೋಗವಲ್ಲ, ಹರೆಯದಲ್ಲಿ ಬಹಳ ಹುಡುಗರಿಗೆ ಕಾಣಿಸುವ ಸಹಜ ರಚನೆ. ಯಾರಿಗೂ ಹರಡುವುದಿಲ್ಲ. ಇದನ್ನು ನರೂಲಿಯೆಂದು ಹೆದರಿ ಆಮ್ಲ ಹಚ್ಚಿಕೊಂಡು ಹುಣ್ಣು ಮಾಡಿಕೊಳ್ಳುವ ಹುಡುಗರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಶಿಶ್ನದ ಚರ್ಮದಲ್ಲಿ ಹಳದಿ-ಬಿಳಿ ಚುಕ್ಕೆಗಳಂತೆ ಕಾಣುವ ಎಣ್ಣೆಗ್ರಂಥಿಗಳೂ ಹಾಗೆಯೇ ನಿರುಪದ್ರವಿ. ನಡುವೆ ಸಣ್ಣ ಕುಳಿ ಇರುವ, ಮುತ್ತಿನಂತೆ ಹೊಳೆಯುವ ಗುಳ್ಳೆಯಾದರೆ ಅದು ಮೊಲಸ್ಕಮ್ ಎಂಬ ಬೇರೊಂದು ವೈರಸ್ಸಿನದು.

ನಿಜವಾದ ನರೂಲಿ ಒಂದೇ ಅಳತೆಯದಲ್ಲ. ಮೈಬಣ್ಣದ್ದೋ ಕಂದು ಬಣ್ಣದ್ದೋ ಆಗಿರುತ್ತದೆ, ಮೇಲ್ಮೈ ಒರಟು, ಕೆಲವೊಮ್ಮೆ ಹೂಕೋಸಿನ ತುಣುಕಿನಂತೆ ಸಿಗುರುಸಿಗುರು. ಮುಂದೊಗಲಿನ ಒಳಬದಿ, ಶಿಶ್ನದ ದಂಡ, ವೃಷಣಚೀಲ, ತೊಡೆಸಂದು, ಗುದದ್ವಾರದ ಸುತ್ತ, ಮೂತ್ರದ್ವಾರದ ಬಾಯಿ: ಎಲ್ಲಿಯೂ ಬರಬಹುದು. ಹೆಚ್ಚಾಗಿ ನೋವಿರುವುದಿಲ್ಲ.

ಅಪಾಯದ್ದು ಬೇರೆ. ಒದ್ದೆಯಾದ, ಚಪ್ಪಟೆಯಾದ, ಬೂದು-ಬಿಳಿ ಬಣ್ಣದ ಗಂಟುಗಳು ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ಎರಡನೆಯ ಹಂತದಲ್ಲಿ ಮೂಡುತ್ತವೆ. ಅವುಗಳನ್ನು ನರೂಲಿಯೆಂದು ಸುಟ್ಟರೆ ಗಂಟು ಹೋಗಬಹುದು, ಸಿಫಿಲಿಸ್ ಮೈಯೊಳಗೆ ಹಾಗೆಯೇ ಉಳಿಯುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಪೆನಿಸಿಲಿನ್ ಚುಚ್ಚುಮದ್ದಿನಲ್ಲಿ ಗುಣವಾಗುತ್ತದೆ. ಹಾಗಾಗಿ ಯಾವ ಚಿಕಿತ್ಸೆಯನ್ನು ಆರಿಸುವ ಮುಂಚೆಯೂ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ 'ಜ್ಯೋತಿಸ್' ಕೇಂದ್ರಗಳಿವೆ, ಲೈಂಗಿಕ ಸೋಂಕುಗಳಿಗೆ 'ಪುಲರಿ' ಕ್ಲಿನಿಕ್ಕುಗಳಿವೆ. ಗಡಿಯಾಚೆ ಕರ್ನಾಟಕದಲ್ಲಿ 'ಸುರಕ್ಷಾ' ಕ್ಲಿನಿಕ್ ಎಂದು ಕೇಳಿ. ನಿಮ್ಮ ಎಚ್‌ಐವಿ ಫಲಿತಾಂಶವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಹೇಳಬಾರದೆಂದು 2017ರ ಕಾಯ್ದೆಯೇ ಇದೆ. ವಿಚಾರಿಸಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಬಹುದು, ಖರ್ಚಿಲ್ಲ.

ಗಂಡಸರಲ್ಲಿ ಎಚ್‌ಪಿವಿ, ಎಂದರೆ ನರೂಲಿ ತರುವ ವೈರಸ್ಸು, ಇದೆಯೇ ಎಂದು ನೋಡಲು ರೂಢಿಯ ಪರೀಕ್ಷೆ ಯಾವುದೂ ಇಲ್ಲ. ರಕ್ತದಲ್ಲಿ ಅದು ತಿಳಿಯುವುದಿಲ್ಲ. ಗಲ್ಫಿಗೆ ಹೋಗುವ ಮುಂಚಿನ ಮೆಡಿಕಲ್‌ನಲ್ಲಿ ಎಲ್ಲ ಸರಿ ಬಂದಿದೆ ಎಂದರೆ ಎಚ್‌ಪಿವಿ ಇಲ್ಲ ಎಂದಲ್ಲ. ಪಳಗಿದ ಡಾಕ್ಟರರು ಕಣ್ಣಿನಲ್ಲಿ ನೋಡಿಯೇ ನರೂಲಿಯನ್ನು ಗುರುತಿಸುತ್ತಾರೆ. ಬಣ್ಣ ಕಪ್ಪಾಗಿದ್ದರೆ, ರಕ್ತ ಒಸರುತ್ತಿದ್ದರೆ, ಹುಣ್ಣಾಗಿದ್ದರೆ, ಬುಡ ಗಟ್ಟಿಯಾಗಿದ್ದರೆ, ಚಿಕಿತ್ಸೆಗೆ ಜಗ್ಗದಿದ್ದರೆ ಮಾತ್ರ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ವೈರಸ್ಸಿನ ಬಗ್ಗೆ ಇಷ್ಟು ತಿಳಿದಿರಲಿ

ಎಚ್‌ಪಿವಿ, ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ವಿಧಗಳಿವೆ. ಸುಮಾರು 40 ವಿಧಗಳು ಗುಪ್ತಾಂಗದ ಚರ್ಮಕ್ಕೆ ತಗಲುತ್ತವೆ. ನರೂಲಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು 6 ಮತ್ತು 11ನೇ ವಿಧಗಳಿಂದ ಬರುತ್ತವೆ. ಕ್ಯಾನ್ಸರಿಗೆ ದಾರಿಮಾಡುವುದು ಮುಖ್ಯವಾಗಿ 16 ಮತ್ತು 18. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ಎಂದರೆ, ನರೂಲಿ ಬಂದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂಬುದು ಸುಳ್ಳು. ಆದರೆ ಒಬ್ಬರಲ್ಲೇ ಎರಡು-ಮೂರು ವಿಧಗಳು ಒಟ್ಟಿಗೆ ಇರುವುದುಂಟು. ಹಾಗಾಗಿ ಹೆಂಡತಿಯ ತಪಾಸಣೆಯ ಮಾತು ಮುಂದೆ ಬರುತ್ತದೆ.

ವೈರಸ್ಸು ಹರಡುವುದು ಚರ್ಮಕ್ಕೆ ಚರ್ಮ ತಾಗಿ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಅದು ಮುಚ್ಚದ ಭಾಗದಿಂದ ದಾಟಬಹುದು. ಸೋಂಕು ತಗಲಿ ಗಂಟು ಕಾಣಿಸಲು ಕೆಲವು ವಾರಗಳಿಂದ ಹಲವು ತಿಂಗಳು, ಕೆಲವರಲ್ಲಿ ವರ್ಷಗಳೇ ಬೇಕಾಗುತ್ತವೆ. ಈ ಒಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಇವತ್ತು ಗಂಡನಿಗೆ ನರೂಲಿ ಕಂಡಿತು ಎಂದರೆ ಗಂಡನೋ ಹೆಂಡತಿಯೋ ಈಚೆಗೆ ದಾರಿತಪ್ಪಿದರು ಎಂದು ಸಾಬೀತಾಗುವುದಿಲ್ಲ. ಮದುವೆಗೆ ಮುಂಚಿನದೂ ಆಗಿರಬಹುದು, ಯಾರಿಂದ ಯಾರಿಗೆ ಎಂದು ಹೇಳಲೂ ಆಗದು. ಈ ವಿಷಯಕ್ಕೆ ಸಂಸಾರ ಒಡೆಯುವಷ್ಟು ದೂರ ಹೋಗಬೇಡಿ.

ಹೋಲಿಕೆಗೇ ಸೇರಿಸಬಾರದವು

ಗೇರುಬೀಜದ ಸಿಪ್ಪೆಯ ಎಣ್ಣೆ, ಸುಣ್ಣ, ಅಡಿಕೆಗೆ ಬಿಡಲು ತಂದಿಟ್ಟ ಮೈಲುತುತ್ತು, ಬ್ಯಾಟರಿಯ ಆಸಿಡ್. ಕೈಬೆರಳಿನ ನರೂಲಿಗೆ ಹಿರಿಯರು ಮಾಡುತ್ತಿದ್ದುದನ್ನು ಇಲ್ಲಿಗೆ ತರಬೇಡಿ. ಗುಪ್ತಾಂಗದ ಚರ್ಮ ತೆಳು. ಸುಟ್ಟರೆ ಮುಂದೊಗಲು ಅಂಟಿಕೊಳ್ಳುವಷ್ಟು ಕಲೆ ಉಳಿಯಬಹುದು. ಕೈಕಾಲಿನ ನರೂಲಿಗೆ, ಆಣಿಗೆ ಅಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಮ್ಲದ ದ್ರವವೂ ಇಲ್ಲಿಗಲ್ಲ. ಬುಡಕ್ಕೆ ಕೂದಲೋ ನೂಲೋ ಬಿಗಿಯುವುದೂ ಬೇಡ.

ಇನ್ನೊಂದು, ನಮ್ಮ ಕರಾವಳಿಯ ಬೆವರಿನಲ್ಲಿ ತೊಡೆಸಂದಿನ ತುರಿಕೆ ಮನೆಮನೆಯ ಕತೆ. ಅದಕ್ಕೆಂದು ಚೀಟಿ ಇಲ್ಲದೆ ಕೊಳ್ಳುವ ಮಿಶ್ರಣದ ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಅದು ಚರ್ಮದ ಪ್ರತಿರೋಧವನ್ನು ತಗ್ಗಿಸುವುದರಿಂದ ನರೂಲಿ ಹಬ್ಬಲು ದಾರಿಯಾಗುತ್ತದೆ. ಆ ಟ್ಯೂಬು ಹಚ್ಚುತ್ತಿದ್ದರೆ ಡಾಕ್ಟರರಿಗೆ ಮರೆಮಾಚದೆ ಹೇಳಿ, ಖಾಲಿ ಟ್ಯೂಬನ್ನೇ ಕಿಸೆಯಲ್ಲಿಟ್ಟುಕೊಂಡು ಹೋಗಿ. ಬ್ಲೇಡಿನಲ್ಲಿ ಕೂದಲು ಬೋಳಿಸುವುದನ್ನು ಗುಣವಾಗುವ ತನಕ ನಿಲ್ಲಿಸಿ. ಕಾಣದ ಸಣ್ಣ ಗಾಯಗಳಲ್ಲಿ ವೈರಸ್ಸು ಸಾಲುಸಾಲಾಗಿ ಹರಡುತ್ತದೆ.

ಗುದದ್ವಾರದ ಗಂಟನ್ನು ಮೂಲವ್ಯಾಧಿಯೆಂದುಕೊಂಡು ರಸ್ತೆಬದಿಯ ಬೋರ್ಡು ನೋಡಿ ಹೋಗಬೇಡಿ. ಅಲ್ಲಿ ನರೂಲಿಯಾಗುವುದಕ್ಕೆ ಗುದಸಂಭೋಗವೇ ಕಾರಣವಾಗಬೇಕೆಂದಿಲ್ಲ. ಹಾಗಾಗಿ ನಾಚಿಕೆಗೆಂದು ಮುಚ್ಚಿಡುವುದೂ ಬೇಡ. ಒಳಗೂ ಇದೆಯೇ ಎಂದು ಸಣ್ಣ ಕೊಳವೆ ಹಾಕಿ ನೋಡಬೇಕಾಗುತ್ತದೆ, ಅದು ಸರ್ಜನ್ನರ ಕೆಲಸ.

ಮನೆಯಲ್ಲೇ ಹಚ್ಚುವ ಎರಡು ಮದ್ದುಗಳು

ಇಮಿಕ್ವಿಮಾಡ್ ಕ್ರೀಮು ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಹಚ್ಚಿದ ಜಾಗದಲ್ಲಿ ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಶೇಕಡಾ 5ರ ಕ್ರೀಮನ್ನು ವಾರಕ್ಕೆ ಮೂರು ರಾತ್ರಿ, ಉದಾಹರಣೆಗೆ ಸೋಮ, ಬುಧ, ಶುಕ್ರ, ಗಂಟಿಗೆ ಮಾತ್ರ ತೆಳುವಾಗಿ ಹಚ್ಚಿ ಮಲಗಬೇಕು. 6ರಿಂದ 10 ಗಂಟೆ ಕಳೆದ ಮೇಲೆ ಸಾಬೂನು ಹಾಕಿ ತೊಳೆಯಬೇಕು. ಗಂಟು ಹೋಗುವ ತನಕ, ಹೆಚ್ಚೆಂದರೆ 16 ವಾರ. ಕೆಂಪಾಗುವುದು, ತುರಿಸುವುದು, ಸ್ವಲ್ಪ ಸಿಪ್ಪೆ ಏಳುವುದು ಸಾಮಾನ್ಯ. ಅದು ಮದ್ದು ಕೆಲಸ ಮಾಡುತ್ತಿರುವ ಲಕ್ಷಣ. ಹುಣ್ಣಾದರೆ ಕೆಲವು ದಿನ ಬಿಟ್ಟು ಮುಂದುವರಿಸಲು ಡಾಕ್ಟರರು ಹೇಳುತ್ತಾರೆ. ಚರ್ಮದ ಬಣ್ಣ ಬಿಳುಚುವುದು ಕೆಲವರಲ್ಲಿ ಉಂಟು.

ಇದರ ದೊಡ್ಡ ಗುಣ, ಆಸ್ಪತ್ರೆಯ ಓಡಾಟ ಕಡಿಮೆ. ದೊಡ್ಡ ದೋಷ, ತಾಳ್ಮೆ ಬೇಕು. ಮೂರು ವಾರ ಹಚ್ಚಿ "ಏನೂ ಆಗಲಿಲ್ಲ" ಎಂದು ಬಿಟ್ಟವರೇ ಹೆಚ್ಚು. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಹೇಳುವುದಿಲ್ಲ. ಈ ಕ್ರೀಮು ಗಂಡಸರಲ್ಲಿ ಹೆಂಗಸರಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಹಳೆಯ ಪ್ರಯೋಗಗಳಲ್ಲಿ ಹೆಂಗಸರಲ್ಲಿ ಹತ್ತರಲ್ಲಿ ಏಳು ಮಂದಿಗೆ ಪೂರ್ತಿ ಹೋದರೆ ಗಂಡಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೋಯಿತು. ಕಾರಣ ಚರ್ಮದ ದಪ್ಪ. ಮುಂದೊಗಲಿನ ಒಳಬದಿಯ ತೇವದ ಮೆದು ಗಂಟುಗಳಿಗೆ ಮದ್ದು ಇಳಿಯುತ್ತದೆ. ಶಿಶ್ನದ ದಂಡದ ಮೇಲಿನ, ಸುನ್ನತಿ ಆದವರ ಒಣ ಚರ್ಮದ ಗಟ್ಟಿ ಗಂಟುಗಳಿಗೆ ಇಳಿಯುವುದು ನಿಧಾನ. ಹೋದ ಮೇಲೆ ಮರಳುವುದು ಮಾತ್ರ ಸುಟ್ಟವರಿಗಿಂತ ತುಸು ಕಡಿಮೆಯೆಂದು ಕಂಡುಬಂದಿದೆ. ನನಗೆ ಈ ಕ್ರೀಮಿನ ಮೇಲೆ ಗೌರವ ಇರುವುದು ಆ ಕಾರಣಕ್ಕೆ. ಒಂದು ಎಚ್ಚರ: ಕ್ರೀಮು ಮೈಮೇಲಿರುವಾಗ ಸಂಭೋಗ ಬೇಡ, ಅದು ಕಾಂಡೋಮಿನ ರಬ್ಬರನ್ನು ದುರ್ಬಲಗೊಳಿಸುತ್ತದೆ.

ಎರಡನೆಯದು ಪೊಡೊಫೈಲೊಟಾಕ್ಸಿನ್, ಶೇಕಡಾ 0.5ರ ದ್ರವ. ಬೆಳಿಗ್ಗೆ-ರಾತ್ರಿ ಮೂರು ದಿನ ಹಚ್ಚಿ, ನಾಲ್ಕು ದಿನ ಬಿಡಬೇಕು. ಹೀಗೆ ನಾಲ್ಕು ಸುತ್ತಿನ ತನಕ. ಕಡಿಮೆ ಸಂಖ್ಯೆಯ ಮೆದು ಗಂಟುಗಳಿಗೆ, ಕಣ್ಣಿಗೆ ಕಾಣುವ, ಕೈಗೆ ಎಟಕುವ ಜಾಗಕ್ಕೆ ಒಳ್ಳೆಯದು. ಇಮಿಕ್ವಿಮಾಡ್‌ಗಿಂತ ಬೇಗ ಫಲ ತಿಳಿಯುತ್ತದೆ.

ಆದರೆ ಇದೇ ಹೆಸರಿನ ಹತ್ತಿರದ ಸಂಬಂಧಿ ಪೊಡೊಫೈಲಿನ್ ಬೇರೆ. ಅದು ಶೇಕಡಾ 20ರಿಂದ 25ರ ದಪ್ಪ ಕಂದು ರಾಳ. ಹಿಮಾಲಯದಲ್ಲಿ ಬೆಳೆಯುವ ಒಂದು ಗಿಡದ ಬೇರಿನಿಂದಲೂ ಇದನ್ನು ತೆಗೆಯುತ್ತಾರೆ. ಅದನ್ನು ಡಾಕ್ಟರರೇ ಹಚ್ಚಬೇಕು, ಸುತ್ತಲ ಚರ್ಮಕ್ಕೆ ವ್ಯಾಸಲಿನ್ ಬಳಿದು ಕಾಪಾಡಬೇಕು, 1ರಿಂದ 4 ಗಂಟೆಯೊಳಗೆ ತೊಳೆಯಬೇಕು. ಹೆಚ್ಚು ಜಾಗಕ್ಕೆ ಬಳಿದರೆ, ಹಸಿ ಗಾಯಕ್ಕೆ ಬಳಿದರೆ ರಕ್ತಕ್ಕೆ ಇಳಿದು ನರಗಳಿಗೂ ಅಸ್ಥಿಮಜ್ಜೆಗೂ ಪೆಟ್ಟು ಕೊಡುತ್ತದೆ. ಈಗ ಇದಕ್ಕಿಂತ ಸುರಕ್ಷಿತವಾದವು ಇರುವುದರಿಂದ ಮೊದಲ ಆಯ್ಕೆಯ ಪಟ್ಟಿಯಿಂದ ಇದನ್ನು ಕೆಳಗಿಳಿಸಿದ್ದಾರೆ. ಹಳೆಯ ಚೀಟಿ ಹಿಡಿದು, ಗೆಳೆಯನಿಗೆ ಕೊಟ್ಟ ಬಾಟಲಿ ಕೇಳಿಕೊಂಡು ಬರುವವರು ಈ ಎರಡನ್ನು ಅದಲು-ಬದಲು ಮಾಡಿದರೆ ಅನಾಹುತ. ಬಾಟಲಿಯ ಮೇಲಿನ ಹೆಸರಿನ ಕೊನೆಯ ಅಕ್ಷರದವರೆಗೆ ಓದಿ, ಶೇಕಡಾ ಎಷ್ಟು ಎಂದು ನೋಡಿ. ಹೆಂಡತಿ ಬಸುರಿಯಾಗಿದ್ದರೆ ಎರಡನ್ನೂ ಅವಳಿಗೆ ಎಂದಿಗೂ ಹಚ್ಚಬಾರದು.

ಡಾಕ್ಟರರ ಕೈಯಲ್ಲಿ ಆಗುವವು

ಕ್ರಯೊ ಎಂದರೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಗಂಟಿನ ಮೇಲೆ ಸಿಂಪಡಿಸಿ ಅಥವಾ ಹತ್ತಿಯಲ್ಲಿ ತಾಗಿಸಿ ಹೆಪ್ಪುಗಟ್ಟಿಸುವುದು. ಮರಗಟ್ಟಿಸುವ ಸೂಜಿ ಸಾಮಾನ್ಯವಾಗಿ ಬೇಡ. ಉರಿ ಇರುತ್ತದೆ, ಮಾರನೆಯ ದಿನ ಗುಳ್ಳೆ ಏಳಬಹುದು, ಒಂದೆರಡು ವಾರದಲ್ಲಿ ಒಣಗಿ ಉದುರುತ್ತದೆ. ದೊಡ್ಡ ಕಲೆ ಉಳಿಯುವುದು ಅಪರೂಪ. ನಮ್ಮ ಕಪ್ಪು ಚರ್ಮದಲ್ಲಿ ಬಿಳಿ ಮಚ್ಚೆ ಕೆಲಕಾಲ ಉಳಿಯಬಹುದು. ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದೇ ಮುಖ್ಯ. ಒಂದೆರಡು ವಾರಕ್ಕೊಮ್ಮೆ ಹಲವು ಸಲ ಹೋಗಬೇಕು. ದ್ರವ ಸಾರಜನಕ ಆವಿಯಾಗಿ ಹೋಗುವ ವಸ್ತು, ಎಲ್ಲ ಕ್ಲಿನಿಕ್ಕಿನಲ್ಲಿ ಎಲ್ಲ ದಿನ ಇರುವುದಿಲ್ಲ. ಫೋನ್ ಮಾಡಿ, ಇದೆಯೆಂದು ಖಚಿತಪಡಿಸಿಕೊಂಡೇ ಬಸ್ಸು ಹತ್ತಿ.

ಟಿಸಿಎ ಎನ್ನುವುದು ಟ್ರೈಕ್ಲೋರೊ ಅಸಿಟಿಕ್ ಆಮ್ಲ, ಶೇಕಡಾ 80-90ರದು. ಡಾಕ್ಟರರು ಕಡ್ಡಿಯ ತುದಿಯಲ್ಲಿ ಒಂದು ಹನಿ ತಾಗಿಸುತ್ತಾರೆ, ಗಂಟು ಕಣ್ಣೆದುರೇ ಬೆಳ್ಳಗಾಗುತ್ತದೆ. ಖರ್ಚು ಕಡಿಮೆ, ಯಂತ್ರ ಬೇಡ, ರಕ್ತಕ್ಕೆ ಇಳಿಯುವುದಿಲ್ಲ. ಬಸುರಿಯರಿಗೂ ಕ್ರಯೊ ಮತ್ತು ಇದನ್ನೇ ಬಳಸುತ್ತಾರೆ. ಸಣ್ಣ, ತೇವದ ಗಂಟುಗಳಿಗೆ ಸರಿ. ದಪ್ಪ, ಒಣ ಗಂಟಿಗೆ ಸಾಲದು. ನೀರಿನ ಹಾಗೆ ಹರಿದು ಒಳ್ಳೆಯ ಚರ್ಮವನ್ನೂ ಸುಡಬಹುದಾದ್ದರಿಂದ ಕೈ ಪಳಗಿದವರೇ ಬೇಕು. ವಾರಕ್ಕೊಮ್ಮೆ ಹೋಗಬೇಕು.

ಕಾಟರಿ ಅಥವಾ ರೇಡಿಯೊ ಫ್ರೀಕ್ವೆನ್ಸಿ: ಮರಗಟ್ಟಿಸುವ ಸೂಜಿ ಹಾಕಿ ಕರೆಂಟಿನ ತುದಿಯಿಂದ ಸುಟ್ಟು ತೆಗೆಯುವುದು. ಕೆಲವೊಮ್ಮೆ ಕತ್ತರಿಯಲ್ಲೇ ಕತ್ತರಿಸುತ್ತಾರೆ. ಹೆಚ್ಚಿನವರಿಗೆ ಒಂದೇ ಸಲದಲ್ಲಿ ಕಾಣುವ ಗಂಟುಗಳೆಲ್ಲ ಹೋಗುತ್ತವೆ. ಸೂಜಿಯ ಚುಚ್ಚು ನೋಯುತ್ತದೆ, ಆಮೇಲೆ ಗಾಯ ಒಣಗಲು ಒಂದರಿಂದ ಮೂರು ವಾರ, ಕಲೆ ಉಳಿಯುವ ಸಾಧ್ಯತೆ ಕ್ರಯೊಗಿಂತ ಹೆಚ್ಚು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು. ಸುಡುವಾಗಿನ ಹೊಗೆಯಲ್ಲಿ ವೈರಸ್ಸಿನ ಅಂಶ ಇರುತ್ತದೆ. ಹೊಗೆ ಹೀರುವ ಯಂತ್ರವಿಟ್ಟು, ಮಾಸ್ಕ್ ಹಾಕಿಕೊಂಡು ಮಾಡುವ ಜಾಗವೇ ಒಳ್ಳೆಯ ಜಾಗ ಎಂದು ತಿಳಿಯಿರಿ.

ಲೇಸರ್ ಎಂಬ ಹೆಸರಿಗೆ ಜನ ಮರುಳಾಗುತ್ತಾರೆ. ತುಂಬ ಹಬ್ಬಿದ್ದರೆ, ಮೂತ್ರದ್ವಾರದೊಳಗೆ ಅಥವಾ ಗುದದೊಳಗೆ ಇದ್ದರೆ, ಬೇರೆ ದಾರಿ ಸೋತಿದ್ದರೆ ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ನಿಜವಾದ ಲಾಭವಿದೆ. ಮೂರು-ನಾಲ್ಕು ಗಂಟಿಗೆ ಲೇಸರಿನ ಹಣ ಕೊಡುವುದು ನನ್ನ ಲೆಕ್ಕದಲ್ಲಿ ದಂಡ. ಲೇಸರ್ ಆದರೂ ಮರಳಿ ಬರುವುದು ಬಂದೇ ಬರಬಹುದು.

ಏನೂ ಮಾಡದೆ ಕಾಯುವುದೂ ಒಂದು ಆಯ್ಕೆಯೇ. ಒಂದಷ್ಟು ಮಂದಿಗೆ ವರ್ಷದೊಳಗೆ ತಾನಾಗಿ ಮಾಯುತ್ತದೆ. ಕೆಲವರಿಗೆ ಹಾಗೆಯೇ ಇರುತ್ತದೆ, ಕೆಲವರಿಗೆ ಹೆಚ್ಚುತ್ತದೆ. ಡಾಕ್ಟರರು ನೋಡಿ ನರೂಲಿಯೇ ಎಂದು ಹೇಳಿದ ಮೇಲೆ, ಒಂದೆರಡೇ ಇದ್ದು, ಸಂಗಾತಿಗೆ ವಿಷಯ ತಿಳಿದಿದ್ದರೆ ಮೂರು ತಿಂಗಳು ಕಾದು ನೋಡುವುದು ತಪ್ಪಲ್ಲ. ತೋರಿಸದೇ ಕಾಯುವುದು ತಪ್ಪು.

ನಿಮ್ಮ ಪರಿಸ್ಥಿತಿಗೆ ಯಾವುದು?

ಗಲ್ಫಿನಿಂದ ರಜೆಯ ಮೇಲೆ ಬಂದವರು: ಬಂದ ವಾರವೇ ತೋರಿಸಿ. ಹೆಚ್ಚಿನವರು ರಜೆ ಮುಗಿಯುವ ಹೊತ್ತಿಗೆ ಬರುತ್ತಾರೆ, ಆಗ ಯಾವುದಕ್ಕೂ ಸಮಯ ಇರುವುದಿಲ್ಲ. ಒಂದೆರಡು ತಿಂಗಳಿದ್ದರೆ ಕಾಟರಿ ಮಾಡಿಸಿ, ಗಾಯ ಒಣಗಿದ ಮೇಲೆ ಹೊಸತು ಮೂಡಿತೇ ಎಂದು ಹೊರಡುವ ಮುಂಚೆ ಮತ್ತೊಮ್ಮೆ ತೋರಿಸಿಕೊಂಡು ಹೋಗುವುದು ನನಗೆ ಸರಿ ಕಾಣುತ್ತದೆ. 16 ವಾರದ ಕ್ರೀಮನ್ನು ಅಲ್ಲಿಗೆ ಒಯ್ಯುವುದಾದರೆ ಡಾಕ್ಟರರ ಚೀಟಿ ಜೊತೆಗಿರಲಿ. ಆರು ಮಂದಿ ಒಂದೇ ಕೋಣೆಯಲ್ಲಿರುವ ಕಡೆ ಅದನ್ನು ಗುಟ್ಟಾಗಿ ಹಚ್ಚಿ ತೊಳೆಯುವುದು ಎಷ್ಟು ಕಷ್ಟವೆಂದು ಮೊದಲೇ ಯೋಚಿಸಿ.

ಅಡಿಕೆ ತೋಟದ ಕೆಲಸದವರು: ಮರ ಹತ್ತುವವರಿಗೆ ತೊಡೆಸಂದು ಉಜ್ಜಿಯೇ ಉಜ್ಜುತ್ತದೆ. ಕಾಟರಿ ಮಾಡಿಸಿಕೊಂಡು ಮೂರನೆಯ ದಿನ ಮರ ಹತ್ತಿದರೆ ಗಾಯ ಕೀವಾಗುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಸಮಯ, ಆಮೇಲೆ ಕೊಯ್ಲು. ಎರಡರ ನಡುವಿನ ಬಿಡುವನ್ನು ನೋಡಿ ದಿನ ಗೊತ್ತುಮಾಡಿ. ಬಿಡುವೇ ಇಲ್ಲದಿದ್ದರೆ ಟಿಸಿಎ ಅಥವಾ ಕ್ರಯೊ, ಸ್ವಲ್ಪ ಸ್ವಲ್ಪವಾಗಿ. ಗಾಯ ಇರುವಷ್ಟು ದಿನ ಒದ್ದೆ ಒಳಚಡ್ಡಿಯಲ್ಲಿ ಇರಬೇಡಿ. ಮನೆಗೆ ಬಂದು ತೊಳೆದು ಒರೆಸಿ ಸಡಿಲ ಮುಂಡು ಉಟ್ಟುಕೊಳ್ಳಿ.

ಹೆಂಡತಿ ಬಸುರಿ: ನಿಮ್ಮ ಗಂಟುಗಳನ್ನು ಡಾಕ್ಟರರಿಂದಲೇ ತೆಗೆಸಿ, ಹೆರಿಗೆ ಡಾಕ್ಟರರಿಗೂ ವಿಷಯ ಗೊತ್ತಿರಲಿ. ನರೂಲಿ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ಸಕ್ಕರೆ ಕಾಯಿಲೆಯವರು, ಎಚ್‌ಐವಿ ಇರುವವರು: ಗಂಟು ಹೆಚ್ಚು, ಹಠ ಹೆಚ್ಚು, ಗಾಯ ಒಣಗುವುದು ನಿಧಾನ. ಸುಡಿಸುವ ಮುಂಚೆ ಸಕ್ಕರೆಯನ್ನು ಹತೋಟಿಗೆ ತನ್ನಿ. ಬೀಡಿ-ಸಿಗರೇಟು ಬಿಡುವುದಕ್ಕೆ ಇನ್ನೊಂದು ಕಾರಣ ಬೇಕಿದ್ದರೆ ಇದನ್ನು ಸೇರಿಸಿಕೊಳ್ಳಿ: ಸೇದುವವರಲ್ಲಿ ಎಚ್‌ಪಿವಿ ತೊಲಗುವುದು ತಡ.

ಮೂತ್ರದ್ವಾರದ ಬಾಯಲ್ಲಿ ಗಂಟಿದ್ದು ಮೂತ್ರದ ಧಾರೆ ಎರಡಾಗುತ್ತಿದ್ದರೆ, ರಕ್ತ ಬಂದರೆ ಯಾವ ಕ್ರೀಮೂ ಬೇಡ. ನೇರ ಯುರಾಲಜಿಯವರ (ಮೂತ್ರಾಂಗದ ತಜ್ಞರ) ಹತ್ತಿರ ಹೋಗಿ.

ಕಾಸರಗೋಡೋ, ಮಂಗಳೂರೋ?

ಮಂಗಳೂರಿಗೆ ಹೋದರೆ ಊರಿನವರ ಕಣ್ಣಿಗೆ ಬೀಳುವುದಿಲ್ಲ ಎಂಬ ಸಮಾಧಾನಕ್ಕೇ ಹೆಚ್ಚಿನವರು ಗಡಿಯ ತಲಪಾಡಿ ದಾಟುತ್ತಾರೆ. ಅರ್ಥವಾಗುತ್ತದೆ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ರೈಲೂ ಉಂಟು, ಕನ್ನಡದಲ್ಲಿ ಬಿಚ್ಚಿ ಮಾತಾಡಬಹುದು. ಸರಕಾರಿ ವೆನ್‌ಲಾಕ್ ಆಸ್ಪತ್ರೆ ಇದೆ, ದೇರಳಕಟ್ಟೆ, ಕಂಕನಾಡಿ, ಅತ್ತಾವರಗಳಲ್ಲಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಲೇಸರ್, ಯುರಾಲಜಿ, ಗುದದೊಳಗಿನ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಅದು ಸರಿಯಾದ ದಾರಿ. ಒಂದೇ ಸಲದಲ್ಲಿ ಮುಗಿಯುವ ಕಾಟರಿಗೂ ಸರಿ. ಮಂಜೇಶ್ವರ, ಉಪ್ಪಳದವರಿಗೆ ಅದೇ ಹತ್ತಿರ.

ಆದರೆ ವಾರವಾರ ಹೋಗಬೇಕಾದ ಟಿಸಿಎ ಅಥವಾ ಕ್ರಯೊಗೆ ಒಳನಾಡಿನಿಂದ ಮಂಗಳೂರನ್ನು ಆರಿಸಿದರೆ ಎರಡನೆಯ ಸಲಕ್ಕೇ ಸೋಲುತ್ತೀರಿ. ಅದಕ್ಕೆ ಕಾಸರಗೋಡಿನ ಜನರಲ್ ಆಸ್ಪತ್ರೆಯನ್ನೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯನ್ನೋ ವಿಚಾರಿಸಿ, ಚರ್ಮರೋಗದ ಓಪಿ ಯಾವ ದಿನ ಎಂದು ಕೇಳಿಕೊಂಡು ಹೋಗಿ. ತೆಂಕಣಿಂದ ಬಂದ ಡಾಕ್ಟರರಿಗೆ ಕನ್ನಡ ಬಾರದಿದ್ದರೆ ನರೂಲಿಗೆ ಮಲಯಾಳದಲ್ಲಿ ಹೇಳುವ 'ಅರಿಂಬಾರ' ಎಂದರೆ ಸಾಕು, ಎಲ್ಲಿ ಎಂದು ಕೈತೋರಿಸಿ. ಎಲ್ಲರೆದುರು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಜೊತೆಗೆ ನಾಲ್ಕು ಪ್ರಶ್ನೆ ಬರೆದಿಟ್ಟುಕೊಳ್ಳಿ: ಇದು ನರೂಲಿಯೇ? ಎಷ್ಟು ಸಲ ಬರಬೇಕು? ಗಾಯ ಒಣಗಲು ಎಷ್ಟು ದಿನ? ಮರಳಿ ಬಂದರೆ ಮುಂದೇನು?

ಖರ್ಚನ್ನು ಹೋಲಿಸುವಾಗ ಒಂದು ಸಿಟ್ಟಿಂಗಿನ ದರವನ್ನು ಮಾತ್ರ ನೋಡಬೇಡಿ. ಬಸ್ಸಿನ ಹಣ, ಕಳೆದುಹೋದ ಕೂಲಿ, ಎಷ್ಟು ಸಲ ಎಂಬುದನ್ನು ಕೂಡಿಸಿ ನೋಡಿದರೆ ಅಗ್ಗವೆಂದು ಕಂಡದ್ದು ದುಬಾರಿಯಾಗುವುದುಂಟು.

ಹೆಂಡತಿಗೆ ಏನು ಹೇಳಬೇಕು?

ಹೇಳಲೇಬೇಕು. ಗಾಯ ಒಣಗಿ ಗಂಟು ಹೋಗುವ ತನಕ ಕೂಡುವುದು ಬೇಡ ಎನ್ನಲು ಕಾರಣ ಕೊಡಬೇಕಲ್ಲ. ಅವಳಿಗೂ ಗಂಟಿದೆಯೇ ಎಂದು ಸ್ತ್ರೀರೋಗ ತಜ್ಞರಿಗೆ ತೋರಿಸಿ. 30 ದಾಟಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಹೇಗಿದ್ದರೂ ಬೇಕು. ಸರಕಾರಿ ಕಾರ್ಯಕ್ರಮದಲ್ಲಿ 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎಂದಿದೆ. ನಿಮ್ಮ ನರೂಲಿ ಆ ತಪಾಸಣೆಗೆ ನೆಪವಾದರೆ ಆಗಲಿ. ಒಬ್ಬರೇ ಸಂಗಾತಿಯ ಜೊತೆ ವರ್ಷಗಳಿಂದ ಇರುವವರು ಗುಣವಾದ ಮೇಲೆ ಪರಸ್ಪರ ಮತ್ತೆ ಮತ್ತೆ ಅಂಟಿಸಿಕೊಳ್ಳುತ್ತೇವೆಂದು ಹೆದರಬೇಕಾಗಿಲ್ಲ. ಇಬ್ಬರಿಗೂ ಆ ವೈರಸ್ಸು ಆಗಲೇ ಪರಿಚಯವಾಗಿರುತ್ತದೆ, ಒಂದೆರಡು ವರ್ಷದಲ್ಲಿ ಹೆಚ್ಚಿನವರ ಮೈ ಅದನ್ನು ಹತ್ತಿಕ್ಕುತ್ತದೆ.

ಲಸಿಕೆ: ಯಾವುದು, ಯಾರಿಗೆ?

ಈಗಾಗಲೇ ಬಂದ ನರೂಲಿಯನ್ನು ಲಸಿಕೆ ಕರಗಿಸುವುದಿಲ್ಲ. ಅದರ ಕೆಲಸ ತಗಲದ ವಿಧಗಳನ್ನು ತಡೆಯುವುದು. ಹಾಗಾಗಿ ಇದು ನಿಮಗಿಂತ ಹೆಚ್ಚಾಗಿ ನಿಮ್ಮ ಮಕ್ಕಳ ವಿಷಯ, ಗಂಡುಮಕ್ಕಳದೂ.

ಆರಿಸುವಾಗ ನೋಡಬೇಕಾದುದು ಒಳಗೆ 6 ಮತ್ತು 11 ಇವೆಯೇ ಎಂದು. ಸರ್ವಾರಿಕ್ಸ್ ಎಂಬ ಲಸಿಕೆ 16, 18ಕ್ಕೆ ಮಾತ್ರ, ನರೂಲಿಯನ್ನು ತಡೆಯುವುದಿಲ್ಲ. ಗಾರ್ಡಸಿಲ್ 6, 11 ಸೇರಿ ನಾಲ್ಕು ವಿಧಗಳಿಗೆ. ಗಾರ್ಡಸಿಲ್ 9 ಆ ನಾಲ್ಕರ ಜೊತೆ ಇನ್ನೂ ಐದು ಕ್ಯಾನ್ಸರ್ ವಿಧಗಳಿಗೆ, ಬೆಲೆಯೂ ಅಷ್ಟೇ ಎತ್ತರ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು, 2023ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ 6, 11, 16, 18 ನಾಲ್ಕೂ ಇವೆ, 9ರಿಂದ 26ರ ಹುಡುಗಿಯರಿಗೂ ಹುಡುಗರಿಗೂ ಕೊಡಬಹುದು. 9ರಿಂದ 14ರೊಳಗಾದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸು. 15 ದಾಟಿದರೆ ಮೂರು, ಮೊದಲನೆಯದರಿಂದ ಎರಡು ಮತ್ತು ಆರು ತಿಂಗಳಿಗೆ. ಸಾಧಾರಣ ಮನೆಯ ಹುಡುಗನಿಗೆ, ನರೂಲಿಯ ದೃಷ್ಟಿಯಿಂದ ಮಾತ್ರ ನೋಡಿದರೆ, ಇದೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಹೆಚ್ಚು ಖರ್ಚು ಮಾಡಬಲ್ಲವರು ಗಾರ್ಡಸಿಲ್ 9ರ ಬಗ್ಗೆ ಮಕ್ಕಳ ಡಾಕ್ಟರರಲ್ಲಿ ಕೇಳಲಿ.

ಹುಡುಗರಿಗೆ ಏಕೆ ಎನ್ನುವವರು ಆಸ್ಟ್ರೇಲಿಯಾವನ್ನು ನೋಡಬಹುದು. ಅಲ್ಲಿ 2007ರಲ್ಲಿ ಹುಡುಗಿಯರಿಗೆ ಕೊಡಲು ಶುರುಮಾಡಿದ ಮೇಲೆ ಎಳೆಯ ಪ್ರಾಯದ ಹೆಂಗಸರಲ್ಲಿ ಗುಪ್ತಾಂಗದ ನರೂಲಿ ಬಹುತೇಕ ಇಲ್ಲವಾಯಿತು, ಅವರ ಜೊತೆಗಾರರಾದ ಹುಡುಗರಲ್ಲೂ ಇಳಿಯಿತು. 2013ರಿಂದ ಹುಡುಗರಿಗೂ ಕೊಡುತ್ತಿದ್ದಾರೆ. ಮಗನಿಗೆ ಒಂಬತ್ತೋ ಹತ್ತೋ ಆಗಿದ್ದರೆ ಎರಡೇ ಡೋಸಿನಲ್ಲಿ ಮುಗಿಯುವ ಈ ಐದಾರು ವರ್ಷದೊಳಗೆ ಹಾಕಿಸಿ. ಅಂಗಡಿಯಲ್ಲಿ ಕೊಂಡು ಬಸ್ಸಿನಲ್ಲಿ ಬಿಸಿಲಿಗೆ ಒಯ್ಯಬೇಡಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಲಸಿಕೆ ಇದು. ಫ್ರಿಜ್ಜಿನಿಂದ ತೆಗೆದು ಅಲ್ಲೇ ಚುಚ್ಚುವ ಆಸ್ಪತ್ರೆಗೆ ಹುಡುಗನನ್ನು ಕರೆದುಕೊಂಡು ಹೋಗಿ.